ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಗ್ರಿಲ್ಲು

ಮಿಶಿಗನ್ನಿನಲ್ಲಿ ಬೇಸಿಗೆಯ ದಿನಗಳು ಕಡಿಮೆ, ಬೇಸಿಗೆಯಲ್ಲಿ ಮಾಡಬೇಕೆಂದುಕೊಂಡ ಕೆಲಸಗಳು ಹೆಚ್ಚು. ಆದ್ದರಿಂದ ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆ ಹತ್ತಿರವಾದಂತೆ ಹಿತ್ತಿಲು ಹಿತ್ತಿಲಿನಲ್ಲಿಯೂ ಗ್ರಿಲ್ಲಿನ, ಅಂದರೆ ಬಯಲಿನಲ್ಲಿಟ್ಟು ತಿನಿಸು ಸುಡುವ ಒಲೆಯ, ಹೊದಿಕೆ ಕಳಚುತ್ತದೆ. ಸಸ್ಯಾಹಾರಿಗಳಾದ ನಿಮಗೆ ಗ್ರಿಲ್ಲು ಏಕೆ ಎಂದು ಕೇಳುವವರು ಬೆಂಕಿಯಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಒಮ್ಮೆ ಬಿಸಿ ಅನ್ನಕ್ಕೆ ಕಲಸಿಕೊಂಡು ನೋಡಬೇಕು. ಮನೆಯೊಳಗಿನ ಕರೆಂಟಿನ ಒಲೆಯ ಮೇಲೆ ಬದನೆಕಾಯಿ ಬೇಯುತ್ತದೆಯೇ ಹೊರತು ಸುಡುವುದಿಲ್ಲ. ಹಟ ಹಿಡಿದು ಸುಡಲು ಹೋದರೆ ಸ್ಮೋಕ್ ಅಲಾರಂ ಬೀದಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಹೀಗಿರುವಾಗ ಮೂಲೆಮನೆಯ ಹಿರಿಯ ದಂಪತಿ ಮನೆ ಮಾರಿ ಫ್ಲೋರಿಡಾಕ್ಕೆ ಹೊರಟು ನಿಂತರು, ಅವರ ಗ್ರಿಲ್ಲು ನಮ್ಮ ಪಾಲಿಗೆ ಬಂದಿತು. ಅದು ತೊಂಬತ್ತರ ದಶಕದ್ದು, ಎರಕದ ಮುಚ್ಚಳದ್ದು, ಇಬ್ಬರು ಹಿಡಿಯದೆ ಅಲುಗದಷ್ಟು ಭಾರದ್ದು. "ಇದಕ್ಕೇನೂ ಆಗಿಲ್ಲ, ಗ್ಯಾಸ್ ಜೋಡಿಸಿದರೆ ಸಾಕು" ಎಂದು ಆ ಯಜಮಾನರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜೋಡಿಸುವ ಬಗೆಯನ್ನು ಮಾತ್ರ ಅವರು ಹೇಳಲಿಲ್ಲ.

ಗ್ರಿಲ್ಲಿನ ಜೊತೆಗೆ ಬಂದ ಟ್ಯಾಂಕಿನ ವಾಲ್ವಿಗೆ ಗುಂಡಗಿನ ಹಿಡಿಯಿತ್ತು. ಗ್ಯಾಸ್ ತುಂಬುವ ಅಂಗಡಿಯಾತ ಟ್ಯಾಂಕನ್ನು ಮುಟ್ಟಲೂ ಇಲ್ಲ, ದೂರದಿಂದಲೇ ಆ ಹಿಡಿಯನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದ. ಅಮೆರಿಕದಲ್ಲಿ 4ರಿಂದ 40 ಪೌಂಡಿನವರೆಗಿನ ಪ್ರೋಪೇನ್ ಟ್ಯಾಂಕುಗಳಿಗೆ ಮಿತಿಮೀರಿ ತುಂಬುವುದನ್ನು ತಡೆಯುವ ವಾಲ್ವು ಇರಬೇಕೆಂದು 1998ರ ಸುರಕ್ಷತಾ ಸಂಹಿತೆ ವಿಧಿಸಿತು. 2002ರ ಏಪ್ರಿಲ್ 1ರಿಂದೀಚೆಗೆ ಅಂಥ ವಾಲ್ವಿಲ್ಲದ ಟ್ಯಾಂಕಿಗೆ ಗ್ಯಾಸ್ ತುಂಬುವಂತಿಲ್ಲ. ತಾರೀಖನ್ನು ಕೇಳಿ, ಯಾರೋ ತಮಾಷೆಗೆ ಹೇಳಿರಬೇಕೆಂದು ನನ್ನ ಹೆಂಡತಿ ಅನುಮಾನಪಟ್ಟಳು. ತಮಾಷೆಯಲ್ಲ. ನಮ್ಮ ಓವರ್‌ಹೆಡ್ ಟ್ಯಾಂಕಿನ ಬಾಲ್‌ವಾಲ್ವಿನಂತೆಯೇ ಹೊಸ ಟ್ಯಾಂಕಿನೊಳಗೂ ತೇಲುವ ಬುರುಡೆಯೊಂದು ಇರುತ್ತದೆ. ಶೇಕಡಾ 80ರಷ್ಟು ತುಂಬುತ್ತಲೇ ಅದು ಮೇಲೆದ್ದು ದಾರಿಯನ್ನು ಮುಚ್ಚುತ್ತದೆ, ಉಳಿದ ಜಾಗ ಬಿಸಿಲಿಗೆ ದ್ರವ ಹಿಗ್ಗುವುದಕ್ಕೆ ಮೀಸಲು. ಒಳಗಿನ ಬುರುಡೆ ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ಗುರುತಿಗಾಗಿ ಇಂಥ ವಾಲ್ವಿನ ಹಿಡಿಯನ್ನು ತ್ರಿಕೋನಾಕಾರದಲ್ಲಿ ಮಾಡುತ್ತಾರೆ.

ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ಏರ್ಪಾಡು ಬಹಳಷ್ಟು ಅಂಗಡಿಗಳ ಮುಂದೆ, ಬೀಗ ಹಾಕಿದ ಕಬ್ಬಿಣದ ಪಂಜರದ ರೂಪದಲ್ಲಿ ಇದೆ. ಹಾಗೆ ತಂದ ತ್ರಿಕೋನದ ಹಿಡಿಯ ಟ್ಯಾಂಕನ್ನು ಮೊದಲು ಪರೀಕ್ಷೆಗೆ ಒಳಪಡಿಸಿದವರು ತುಮಕೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅಪ್ಪ. ಊರಿನಲ್ಲಿ 14.2 ಕಿಲೋದ ಸಿಲಿಂಡರನ್ನು ಗ್ಯಾಸಿನ ಹುಡುಗನ ಕೈಯಲ್ಲಿ ತಕ್ಕಡಿಗೆ ಹಾಕಿಸದೆ ಹೊಸ್ತಿಲು ದಾಟಿಸಿದವರಲ್ಲ ಅವರು. ಪ್ರೋಪೇನ್ ಟ್ಯಾಂಕನ್ನು ಮನೆಯೊಳಗೆ ತರಬಾರದು ಎಂದುದಕ್ಕೆ, ಬಚ್ಚಲುಮನೆಯಲ್ಲಿದ್ದ ತೂಕದ ಯಂತ್ರವನ್ನೇ ಹಿತ್ತಿಲಿಗೆ ತಂದರು.

"ಅಲ್ಲಯ್ಯಾ, ಇದು 20 ಪೌಂಡಿನ ಸಿಲಿಂಡರು ಅಂದೆ. ಖಾಲಿ ತೂಕ 17 ಅಂತ ಇಲ್ಲೇ ಕುಟ್ಟಿದ್ದಾರೆ. ಒಟ್ಟು 32 ತೋರಿಸ್ತಾ ಇದೆ. ಮಿಕ್ಕ ಐದು ಪೌಂಡು ಯಾರ ಮನೆಗೆ ಹೋಯ್ತು?"

ಯಾರ ಮನೆಗೂ ಹೋಗಿರಲಿಲ್ಲ. ಹೀಗೆ ಬದಲಾಯಿಸಿ ಕೊಡುವ ಟ್ಯಾಂಕುಗಳಿಗೆ 15 ಪೌಂಡು ಮಾತ್ರ ತುಂಬುವುದು 2008ರ ಸುಮಾರಿನಿಂದ ರೂಢಿಗೆ ಬಂದಿದೆ, ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದೂ ಇರುತ್ತದೆ. ಅದನ್ನು ಓದಿ ಹೇಳಿದಾಗ ಅಪ್ಪ, "ಬರೆದು ಮೋಸ ಮಾಡಿದರೆ ಮೋಸ ಅಲ್ಲವೇನು?" ಎಂದರು. ಅಮೆರಿಕದ ಗ್ರಾಹಕ ನ್ಯಾಯಾಲಯದ ವಿಳಾಸವನ್ನು ಕೂಡಲೇ ಒದಗಿಸುವುದು ನನ್ನಿಂದಾಗದ ಕಾರಣ ವಿಚಾರಣೆ ಅಲ್ಲಿಗೆ ಮುಂದೂಡಲ್ಪಟ್ಟಿತು.

ಅಸಲು ತೊಂದರೆ ಜೋಡಿಸುವಾಗ ಎದುರಾಯಿತು. ನಮ್ಮೂರಿನ ಸಿಲಿಂಡರಿನ ಮೇಲೆ ರೆಗ್ಯುಲೇಟರನ್ನು ಇಟ್ಟು ಒತ್ತಿದರೆ ಟಕ್ ಎಂದು ಕೂರುತ್ತದೆ. ಇಲ್ಲಿ ಟಕ್ ಎನ್ನುವಂಥದ್ದು ಏನೂ ಇರಲಿಲ್ಲ. ಗ್ರಿಲ್ಲಿನ ಕೊಳವೆಯ ತುದಿಯಲ್ಲಿ ಉರುಟು ಮೂಗಿನ ಒಂದು ಹಿತ್ತಾಳೆಯ ತಿರುಪು, ಅದರ ಬುಡಕ್ಕೆ ಸ್ಪ್ಯಾನರ್ ಹಾಕುವ ಆರು ಮೂಲೆಯ ನಟ್ಟು. ಟ್ಯಾಂಕಿನ ಬಾಯಿಯ ಹೊರಮೈಗೋ, ಹೆಬ್ಬೆರಳು ಆಡಿಸಿದರೆ ತಿಳಿಯುವಷ್ಟು ದಪ್ಪನೆಯ ಥ್ರೆಡ್ಡುಗಳು. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ ಆಮೇಲೆ ಎಕ್ಸೆಲ್ ಹಾಳೆಗಳಲ್ಲಿಯೇ ಜೀವನ ಸವೆಸಿರುವ ನಮ್ಮ ಮಿತ್ರರೊಬ್ಬರು ಎರಡನ್ನೂ ಎದುರುಬದುರು ಹಿಡಿದು, "ಎರಡೂ ಮೇಲ್ ಫಿಟ್ಟಿಂಗ್, ಕೂಡುವುದಿಲ್ಲ" ಎಂದು ತೀರ್ಪು ಕೊಟ್ಟರು. ಎರಡೂ ಕಡೆ ವರನ ದಿಬ್ಬಣವೇ ಬಂದಿದೆ ಎಂಬುದು ಇದರ ತಾತ್ಪರ್ಯ. ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಚಿತ್ರ ಹಾಕಿದ್ದೇ ತಡ, ಅಡಾಪ್ಟರ್ ಕೊಳ್ಳಿ, ಗ್ರಿಲ್ಲನ್ನು ಮಾರಿ, ಇಂಡಕ್ಷನ್ ಒಲೆಗೆ ಬದಲಾಗಿ ಎಂಬ ಸಲಹೆಗಳ ನಡುವೆ ಒಬ್ಬರು ಶುಭ ಮುಂಜಾನೆಯ ಗುಲಾಬಿಯನ್ನೂ ಕಳುಹಿಸಿದರು.

ಅಪ್ಪ ಮಾತ್ರ ಮೊಬೈಲಿನ ಟಾರ್ಚು ಹಚ್ಚಿಸಿಕೊಂಡು ಟ್ಯಾಂಕಿನ ಬಾಯೊಳಗೆ ಇಣುಕಿದರು. ಒಳಗೋಡೆಯಲ್ಲಿ ಇನ್ನೊಂದು ಸುತ್ತು ಥ್ರೆಡ್ಡಿತ್ತು. ಹಳೆಯ ಗ್ರಿಲ್ಲುಗಳ ಕೈ ಬಿಡಬಾರದೆಂದು ಹೊಸ ವಾಲ್ವಿನ ಹೊರಗೆ ಹೊಸ ಥ್ರೆಡ್ಡನ್ನೂ ಒಳಗೆ ಹಳೆಯ ಥ್ರೆಡ್ಡನ್ನೂ ಕೊರೆದಿಟ್ಟಿರುತ್ತಾರೆ. ಅಡಾಪ್ಟರಿನ ಅಗತ್ಯವೇ ಇಲ್ಲ. ಮಿತ್ರರು ಹುರುಪಿನಿಂದ ಹಿತ್ತಾಳೆಯ ತಿರುಪನ್ನು ಒಳಗಿಟ್ಟು ಬಲಕ್ಕೆ ತಿರುಗಿಸಿದರು. ಅದು ಹಿಡಿಯಲಿಲ್ಲ. ಸ್ಪ್ಯಾನರಿನಿಂದ ಬಲಕ್ಕೇ ತಿರುಗಿಸಿದರು. ಹಿಡಿಯಲಿಲ್ಲ. ಥ್ರೆಡ್ಡು ಸವೆದಿದೆಯೆಂದರು, ಅಳತೆ ಮೆಟ್ರಿಕ್ ಇರಬೇಕೆಂದರು. ಅಷ್ಟರಲ್ಲಿ ಅಪ್ಪನ ಕಣ್ಣು ನಟ್ಟಿನ ಪ್ರತಿಯೊಂದು ಮೂಲೆಯ ಮೇಲೂ ಗರಗಸದಿಂದ ಕೊಯ್ದಂತೆ ಇದ್ದ ಸಣ್ಣ ಗೀರಿನ ಮೇಲೆ ಬಿದ್ದಿತ್ತು.

"ಇದು ಎಡಗೈ ಥ್ರೆಡ್ಡು ಕಣಯ್ಯಾ. ಸೈಕಲ್ಲಿನ ಎಡಪೆಡಲ್ ಯಾವತ್ತೂ ಬಿಚ್ಚಿಲ್ಲವೇನು ನೀವು?"

ಸೈಕಲ್ಲಿನ ಎಡಪೆಡಲ್ಲನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಕಳಚುತ್ತದೆ. ಮೂವತ್ತು ವರ್ಷ ಸೈಕಲ್ ತುಳಿದು ಗಣಿತ ಪಾಠ ಹೇಳಿದ ಮೇಷ್ಟರಿಗೆ ಇದು ಹೇಳಿಸಿಕೊಳ್ಳಬೇಕಾದ ವಿಷಯವಲ್ಲ. ವೆಲ್ಡಿಂಗ್ ಅಂಗಡಿಗಳಲ್ಲಿಯೂ ಉರಿಯುವ ಅನಿಲದ ಕೊಳವೆಗೆ ಎಡಗೈ ಥ್ರೆಡ್ಡು, ಆಮ್ಲಜನಕದ ಕೊಳವೆಗೆ ಬಲಗೈ ಥ್ರೆಡ್ಡು, ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲೆಂದು. ಗೀರು ಹಾಕಿದ ನಟ್ಟು ಎಂದರೆ ಎಡಗೈ ಎಂದೇ ಲೆಕ್ಕ. ಈ ಹಿತ್ತಾಳೆಯ ತಿರುಪನ್ನು ಇಲ್ಲಿನವರು ಪಿ.ಓ.ಎಲ್. ಎನ್ನುತ್ತಾರೆ, ಕಾರುಗಳ ಹೆಡ್‌ಲೈಟಿಗೆ ಅಸಿಟಿಲೀನ್ ಅನಿಲ ಒದಗಿಸುತ್ತಿದ್ದ ಪ್ರೆಸ್ಟ್-ಓ-ಲೈಟ್ ಎಂಬ ಹಳೆಯ ಕಂಪನಿಯ ಹೆಸರಿನ ಪಳೆಯುಳಿಕೆ ಅದು. ಅಪ್ಪ ಎಡಕ್ಕೆ ತಿರುಗಿಸಿದರು, ಬೆಣ್ಣೆಯಲ್ಲಿ ಇಳಿಯಿತು. ಮಿತ್ರರು ಸ್ಪ್ಯಾನರನ್ನು ನೆಲದ ಮೇಲಿಟ್ಟು ಫೋನಿನಲ್ಲಿ ಏನನ್ನೋ ಬಹಳ ಹೊತ್ತು ಓದಿದರು.

ಹಚ್ಚುವುದಕ್ಕೆ ಮೊದಲು ಸೋಪಿನ ನೀರಿನ ಶಾಸ್ತ್ರವಾಗಬೇಕು. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ ಜೋಡಣೆಗಳ ಮೇಲೆಲ್ಲ ಬ್ರಷ್ಷಿನಿಂದ ಸವರಿ ವಾಲ್ವನ್ನು ತೆರೆದರೆ, ಸೋರುವ ಕಡೆ ಗುಳ್ಳೆ ಏಳುತ್ತದೆ. ಹಿತ್ತಾಳೆಯ ಬಳಿ ಒಂದೂ ಏಳಲಿಲ್ಲ. ಎದ್ದದ್ದು ಕೊಳವೆಯ ಬಾಗಿದ ಜಾಗದಲ್ಲಿ: ರಬ್ಬರಿನ ಬಿರುಕಿನಿಂದ ಮೊದಲು ಸಾಸಿವೆಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು, ಕೊನೆಗೆ ನಮ್ಮ ಮಗಳು ಚಪ್ಪಾಳೆ ತಟ್ಟುವಷ್ಟು ದೊಡ್ಡ ಗುಳ್ಳೆ. ವಾಲ್ವು ಮುಚ್ಚಿ, ಅಂಗಡಿಯಿಂದ ಹೊಸ ಕೊಳವೆಯನ್ನೂ ರೆಗ್ಯುಲೇಟರನ್ನೂ ತಂದದ್ದಾಯಿತು. ಹೊಸ ಕೊಳವೆಯ ತುದಿಯಲ್ಲಿ ಹಿತ್ತಾಳೆಯ ತಿರುಪಿರಲಿಲ್ಲ. ಟ್ಯಾಂಕಿನ ಹೊರಗಿನ ದಪ್ಪ ಥ್ರೆಡ್ಡಿಗೆ ಕೂರುವ ಕರಿಯ ಪ್ಲಾಸ್ಟಿಕ್ ನಟ್ಟಿತ್ತು. ಹತ್ತಿರದಲ್ಲಿ ಬೆಂಕಿ ಬಿದ್ದರೆ ಆ ಪ್ಲಾಸ್ಟಿಕ್ಕು ಕರಗಿ, ಒಳಗಿನ ಸ್ಪ್ರಿಂಗು ಗ್ಯಾಸನ್ನು ತಾನೇ ನಿಲ್ಲಿಸುತ್ತದೆ. ಸ್ಪ್ಯಾನರ್ ಬೇಡ, ಕೈಯಲ್ಲೇ ಬಿಗಿಯಬೇಕು, ಅದೂ ಬಲಕ್ಕೆ.

"ಈಗ ಬಲಕ್ಕಾ, ಮಾವ?" ಎಂದು ನನ್ನ ಹೆಂಡತಿ ಕೇಳಿದಳು.

"ಈಗ ಬಲಕ್ಕೇ ಕಣಮ್ಮಾ" ಎಂದ ಅಪ್ಪನ ದನಿಯಲ್ಲಿ, ಎಡದ ವಿದ್ಯೆ ಇಷ್ಟು ಬೇಗ ನಿವೃತ್ತವಾಯಿತಲ್ಲ ಎಂಬ ಖೇದವಿತ್ತು.

ಹಬ್ಬದ ದಿನ ನೆಂಟರಿಷ್ಟರು ಸೇರಿದರು. ಮಿತ್ರರು ವಾಲ್ವನ್ನು ಸರ್ರನೆ ಪೂರ್ತಿ ತಿರುಗಿಸಿ ಬರ್ನರುಗಳನ್ನು ಹಚ್ಚಿದರು. ಜ್ವಾಲೆ ದೇವರ ಮುಂದಿನ ನಂದಾದೀಪದ ಎತ್ತರವನ್ನು ಮೀರಲಿಲ್ಲ, ಮುಚ್ಚಳದ ಮೇಲಿನ ಮುಳ್ಳು 250 ಡಿಗ್ರಿ ಫ್ಯಾರನ್‌ಹೀಟನ್ನು ದಾಟಲಿಲ್ಲ. ಮುಸುಕಿನ ಜೋಳ ಬೆಚ್ಚಗಾಯಿತು, ಬದನೆಕಾಯಿ ಬೆವರಿತು. ಜೇಡಗಳು ಬರ್ನರಿನ ನಳಿಗೆಯಲ್ಲಿ ಬಲೆ ಕಟ್ಟುತ್ತವೆ ಎಂದು ಯಾರೋ ಹೇಳಿದರು. ಅದು ಸುಳ್ಳಲ್ಲ, ಗ್ರಿಲ್ಲಿನ ಕೈಪಿಡಿಗಳೇ ಹಾಗೆ ಎಚ್ಚರಿಸುತ್ತವೆ. ಎಲ್ಲವನ್ನೂ ಆರಿಸಿ, ತಣಿಸಿ, ಬಿಚ್ಚಿ ನೋಡಿದರೆ ನಿಜವಾಗಿಯೂ ಒಂದು ಬಲೆ ಸಿಕ್ಕಿತು. ಅಪರಾಧಿ ಸಿಕ್ಕ ಸಂಭ್ರಮದಲ್ಲಿ ಬಲೆಯನ್ನು ತೆಗೆದು ಮತ್ತೆ ಜೋಡಿಸಿ ಮತ್ತೆ ಸರ್ರನೆ ತೆರೆದರು. ನಂದಾದೀಪವೇ.

ಕಾರಣ ಹೊಸ ಕೊಳವೆಯ ಜಾಗರೂಕತೆ. ಗ್ಯಾಸು ಒಮ್ಮೆಲೇ ನುಗ್ಗಿದರೆ ಎಲ್ಲಿಯೋ ಕೊಳವೆ ಹರಿದಿದೆಯೆಂದು ಅದರ ತುದಿಯಲ್ಲಿರುವ ತಡೆ ಬಗೆಯುತ್ತದೆ, ಹರಿವನ್ನು ಒಂದು ಎಳೆಯಷ್ಟಕ್ಕೆ ಇಳಿಸಿಬಿಡುತ್ತದೆ. ವಾಲ್ವನ್ನು ಬೀಸಾಗಿ ತೆರೆದಾಗ, ಅಥವಾ ಬರ್ನರಿನ ನಾಬು ಮೊದಲೇ ತೆರೆದಿದ್ದಾಗ ಆಗುವುದು ಇದೇ. ಹಳೆಯ ಹಿತ್ತಾಳೆಗೆ ಇಂಥ ಯಾವ ಅನುಮಾನವೂ ಇರಲಿಲ್ಲ, ಬಿರುಕು ಬಿಟ್ಟ ರಬ್ಬರಿನಲ್ಲಿಯೂ ಧಾರಾಳವಾಗಿ ಹರಿಸುತ್ತಿತ್ತು. ಪರಿಹಾರ ಸುಲಭ: ನಾಬುಗಳನ್ನೂ ಟ್ಯಾಂಕನ್ನೂ ಮುಚ್ಚಿ, ಕೊಳವೆಯನ್ನು ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿ, ಟ್ಯಾಂಕಿನ ವಾಲ್ವನ್ನು ನಿಧಾನವಾಗಿ ತೆರೆದು, ಮುಚ್ಚಳ ಎತ್ತಿಟ್ಟುಕೊಂಡು ಹಚ್ಚಬೇಕು. ಮಿತ್ರರನ್ನು ಜೋಳ ಸುಲಿಯಲು ಕೂರಿಸಿ, ವಾಲ್ವನ್ನು ಅಪ್ಪನ ಕೈಗೆ ಕೊಟ್ಟೆವು. ಅವರು ತೆರೆದ ನಿಧಾನಕ್ಕೆ ಇಬ್ಬರು ನೆಂಟರು ಮೊಸರನ್ನ ತಿಂದು ಹೊರಟೇಬಿಟ್ಟರು. ಆದರೆ ಮುಳ್ಳು 500 ದಾಟಿತು, ಬದನೆಕಾಯಿಯ ಸಿಪ್ಪೆ ಸಿಡಿಯಿತು.

ಆ ಬೇಸಿಗೆಯೆಲ್ಲ ಶನಿವಾರ ಸಂಜೆಗಳಲ್ಲಿ ಅಪ್ಪನಿಗೆ ಕರೆಗಳು ಬರತೊಡಗಿದವು. "ಅಂಕಲ್, ಉರಿ ಏಳ್ತಾ ಇಲ್ಲ" ಎಂದು ಯಾರೋ ಅತ್ತ ಗೋಳಾಡಿದರೆ, ಅಪ್ಪ ಕನ್ನಡಕ ಏರಿಸಿಕೊಂಡು, "ನಟ್ಟು ಕರೀ ಪ್ಲಾಸ್ಟಿಕ್ಕಾ, ಹಿತ್ತಾಳೆಯಾ? ಮೊದಲು ಅದು ಹೇಳಿ" ಎಂದು ಶುರುಮಾಡುತ್ತಿದ್ದರು. ಕೊನೆಯಲ್ಲಿ ತಪ್ಪದೆ, "ಹಾಗೇ ಒಂದು ಸಲ ತೂಕ ಹಾಕಿ ನೋಡಿ, ಐದು ಪೌಂಡು ಕಡಿಮೆ ಇರುತ್ತೆ" ಎಂದೂ ಸೇರಿಸುತ್ತಿದ್ದರು.