ಹೇಳದೆ ಉಳಿದದ್ದೂ ದಾಟಿ ಬರುತ್ತದೆ

ಹಿರಿಯರ ಮೌಲ್ಯಗಳು ಮೊಮ್ಮಕ್ಕಳಿಗೆ ದಾಟುವುದು ಅವರು ಹೇಳುವ ಕಥೆಗಳಿಂದಲೇ, ಕಥೆ ನಿಂತರೆ ನೆನಪೂ ನಿಲ್ಲುತ್ತದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನನ್ನ ಅಜ್ಜಿ ತಾವು ಕಳೆದುಕೊಂಡದ್ದರ ಕುರಿತು ಹೆಚ್ಚು ಮಾತನಾಡಿದವರಲ್ಲ. 1964ರಲ್ಲಿ, ವಿದ್ಯುತ್ ಉತ್ಪಾದನೆಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಕಣಿವೆಯನ್ನು ತುಂಬಿದಾಗ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಕುಟುಂಬಗಳಂತೆ ಅವರೂ ಅಡಿಕೆ ತೋಟ, ಗದ್ದೆ, ಮನೆ ಎಲ್ಲವನ್ನೂ ಬಿಟ್ಟು ಶಿವಮೊಗ್ಗದ ಕಡೆಗೆ ಬಂದು ನೆಲೆಸಿದರು. ನಾವು ಮಕ್ಕಳು ದೀಪ ಆರಿಸದೆ ಹೊರಗೆ ಓಡಿದರೆ ಅವರು ಗದರುತ್ತಿರಲಿಲ್ಲ. ತಾವೇ ಎದ್ದು ಹೋಗಿ ಆರಿಸಿ, ‘ಅಲ್ಲಿ ಉರೀತಾ ಇರೋದು ನಮ್ಮ ತೋಟ ಕಣೋ’ ಎನ್ನುತ್ತಿದ್ದರು. ಆ ಒಂದು ಮಾತಿನ ಭಾರ ನನಗೆ ತಿಳಿದದ್ದು ಬಹಳ ತಡವಾಗಿ, ಅದೇ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ನೀರು ತಗ್ಗಿದಾಗ ಮೇಲೇಳುವ ಮಡೆನೂರಿನ ಹಳೆಯ ಅಣೆಕಟ್ಟಿನ ಮುಂದೆ ನಿಂತಾಗ.

ಕುಟುಂಬದ ಹಳೆಯ ಫೋಟೊಗಳನ್ನು ಜೋಪಾನ ಮಾಡಬೇಕೆಂಬ ಲೇಖಕರ ಸಲಹೆ ಒಳ್ಳೆಯದೇ, ಆದರೆ ಮುಳುಗಿದ ಮನೆಯ ಒಂದೇ ಒಂದು ಫೋಟೊವೂ ಇಲ್ಲದವರ ನೆನಪು ಇಂತಹ ನಡೆಯಲ್ಲೇ ಬದುಕಿರುತ್ತದೆ. ಇಂದು ಭೂಸ್ವಾಧೀನದ ಕಡತಗಳನ್ನು ನೋಡುವ ಕೆಲಸದಲ್ಲಿರುವ ನಾನು, ಸರ್ವೆ ನಂಬರಿನ ಎದುರು ಬರೆದ ಎಕರೆ-ಗುಂಟೆಗಳ ಲೆಕ್ಕವನ್ನಷ್ಟೇ ನಂಬದೆ, ಅಲ್ಲಿ ಬಾವಿ ಇದೆಯೇ, ಫಲ ಕೊಡುವ ಮರಗಳೆಷ್ಟು, ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ ಎಂಬುದನ್ನು ಸ್ಥಳಕ್ಕೇ ಹೋಗಿ ಕೇಳದೆ ಸಹಿ ಹಾಕುವುದಿಲ್ಲ. ಹಾಗೆ ಮಾಡೆಂದು ಅಜ್ಜಿ ನನಗೆ ಯಾವತ್ತೂ ಹೇಳಿರಲಿಲ್ಲ.