ಚಳಿ ನಮ್ಮದು, ಕಂಬಳಿ ದೊಡ್ಡಪ್ಪನದು

ನಮ್ಮೂರಿಗೆ ಚಳಿಗಾಲವೇ ಇಲ್ಲ ಎಂದು ಬೆಂಗಳೂರಿನ ನಮ್ಮ ಷಡ್ಡಕರು ಮೊನ್ನೆ ಫೋನಿನಲ್ಲಿ ತೀರ್ಪು ಕೊಟ್ಟರು. "ನಿಮ್ದು ದಾವಣಗೆರೆ ಬಿಡ್ರಿ, ಬಿಸಿಲೂರು. ಚಳಿ ಅಂದ್ರೆ ನಮ್ದು" ಎಂದರು. ಈ ಬೆಂಗಳೂರಿನವರು ಚಳಿಯನ್ನೂ ಸೈಟಿನ ಹಾಗೆ ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ. ಅವರು ಹುಟ್ಟಿ ಬೆಳೆದಿದ್ದು ಹರಿಹರದಲ್ಲಿ, ಇಲ್ಲೇ ಪಕ್ಕದಲ್ಲಿ. ತುಂಗಭದ್ರೆಯಲ್ಲಿ ಬೆಳಗಿನ ಸ್ನಾನಕ್ಕೆ ಇಳಿದು ಹಲ್ಲು ಕಟಕಟ ಅನ್ನಿಸಿಕೊಂಡವರೇ. ಅದೆಲ್ಲ ಈಗ ನೆನಪಿಲ್ಲ.

ಟಿವಿಯವರಿಗಂತೂ ಇದೇ ಬೇಕು. ಬೆಳಿಗ್ಗೆ ಹಾಕಿದರೆ "ಚಳಿಗೆ ತತ್ತರಿಸಿದ ಜನ" ಅಂತ ಕೆಂಪಕ್ಷರ. ಪರದೆ ಮೇಲೆಲ್ಲ ಹಿಮ ಉದುರಿಸುತ್ತಾರೆ. ತತ್ತರಿಸಿದ ಜನ ಯಾರು ಅಂತ ನೋಡಿದರೆ, ಟೀ ಅಂಗಡಿ ಮುಂದೆ ನಿಂತು ನಗುತ್ತಾ ಕ್ಯಾಮೆರಾಗೆ ಕೈ ಬೀಸುವ ನಾಲ್ಕು ಹುಡುಗರು. ಹವಾಮಾನ ಇಲಾಖೆ ಇದಕ್ಕೊಂದು ಲೆಕ್ಕ ಇಟ್ಟಿದೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿಯಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಆಗ ಶೀತಗಾಳಿ ಅನ್ನಬಹುದು. ಟಿವಿಯವರಿಗೆ ಇಷ್ಟೆಲ್ಲ ಯಾಕೆ? ಆ್ಯಂಕರ್ ಶಾಲು ಹೊದ್ದರೆ ಸಾಕು.

ನಮ್ಮ ಮನೆಯ ಲೆಕ್ಕ ಇನ್ನೂ ಸುಲಭ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆ ಬಂದರೆ ಗಟ್ಟಿಯಾಗುತ್ತೆ. ಬಾಟಲಿಯನ್ನು ತಲೆಕೆಳಗು ಮಾಡಿ ಬಡಿದರೂ ಎಣ್ಣೆ ಬೀಳಲಿಲ್ಲ ಅಂದರೆ ಚಳಿಗಾಲ. ಕಾಂಪೌಂಡ್ ಮೇಲಿಟ್ಟು ಮರೆತರೆ ಹನ್ನೊಂದರ ಹೊತ್ತಿಗೆ ಕರಗಿ ನೀರಾಗಿರುತ್ತೆ, ಅಲ್ಲಿಗೆ ಆ ದಿನದ ಚಳಿಗಾಲ ಮುಗಿಯಿತು. ಆಮೇಲೆ ಫ್ಯಾನು. ದಾವಣಗೆರೆಯ ಚಳಿ ಪಾರ್ಟ್‌ಟೈಮ್ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಇಲ್ಲ ಅನ್ನೋದು ಜಾಸ್ತಿ ಆಯ್ತು.

ಅನುಮಾನ ಇದ್ದವರು ಜನವರಿಯಲ್ಲಿ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಬಂದು ನೋಡಲಿ. ಮಂಕಿ ಕ್ಯಾಪುಗಳ ಮೆರವಣಿಗೆ. ಬರೀ ಕಣ್ಣು ಮೂಗು ಕಾಣುವುದರಿಂದ ಯಾರು ಯಾರು ಅಂತ ಗೊತ್ತಾಗದೆ, ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ. ಊರಲ್ಲಿ ಮಾತು ಬಿಟ್ಟವರೂ ಅಲ್ಲಿ ಕೈ ಮುಗಿದುಕೊಂಡಿದ್ದಾರೆ. ಈ ಏರಿಯ ಮೇಲೆ ಪ್ರತಿ ವರ್ಷ ಒಂದೇ ಜಗಳ. ಸಂಕ್ರಾಂತಿ ಆಯ್ತು, ಹಗಲು ಉದ್ದ ಆಗಬೇಕು, ಹಾಗಿದ್ದ ಮೇಲೆ ಬೆಳಿಗ್ಗೆ ಇನ್ನೂ ಕತ್ತಲೆ ಯಾಕೆ? ಪಂಚಾಂಗ ಸುಳ್ಳು ಅಂತ ಒಬ್ಬರು, ಸರ್ಕಾರ ಸರಿ ಇಲ್ಲ ಅಂತ ಇನ್ನೊಬ್ಬರು. ಅಸಲಿಗೆ ಹಗಲು ಡಿಸೆಂಬರ್ 22ರಿಂದಲೇ ಉದ್ದವಾಗುತ್ತಾ ಬಂದಿರುತ್ತೆ, ಆದರೆ ಆ ಬೆಳಕನ್ನೆಲ್ಲ ಸಂಜೆ ಕಡೆಗೆ ಕೊಡುತ್ತೆ. ಭೂಮಿಯ ಅಚ್ಚು ವಾಲಿರುವುದರಿಂದಲೂ, ಅದು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದ್ದರಿಂದಲೂ, ಸೂರ್ಯ ನೆತ್ತಿಗೆ ಬರುವ ಹೊತ್ತು ಈ ದಿನಗಳಲ್ಲಿ ಮುಂದೆ ಮುಂದೆ ಹೋಗುತ್ತೆ. ಹಾಗಾಗಿ ನಮ್ಮ ಕಡೆ ವರ್ಷದಲ್ಲೇ ಅತಿ ತಡವಾದ ಸೂರ್ಯೋದಯ ಬರುವುದು ಜನವರಿ ಎರಡನೇ ಭಾಗದಲ್ಲಿ. ಇದನ್ನು ನಾನು ಏರಿ ಮೇಲೆ ವಿವರಿಸಿದೆ. "ಅಂದ್ರೆ ಸರ್ಕಾರ ಸರಿ ಇಲ್ಲ ಅಂತೀರಿ" ಎಂದರು.

ನವೆಂಬರ್ ಬಂದರೆ ನಮ್ಮಂಥ ಊರುಗಳಿಗೆ ಟಿಬೆಟಿನವರು ಸ್ವೆಟರ್ ತಂದು ಮಾರುತ್ತಾರೆ. ಹಿಮಾಲಯದ ಆಚೆ ಕಡೆಯ ಜನ, 1960ರ ದಶಕದಿಂದ ಮುಂಡಗೋಡ, ಬೈಲಕುಪ್ಪೆಗಳಲ್ಲಿ ನೆಲೆ ನಿಂತು, ಲೂಧಿಯಾನದಲ್ಲಿ ಹೆಣೆದ ಸ್ವೆಟರನ್ನು ಮೂವತ್ತು ಡಿಗ್ರಿ ಬಿಸಿಲಲ್ಲಿ ಕೂತು ನಮಗೆ ಮಾರುತ್ತಾರೆ. ಅದೂ ಚೌಕಾಸಿಗೆ ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟು. ಕೊಳ್ಳುವವರು ಬೆವರು ಒರೆಸಿಕೊಳ್ಳುತ್ತಾ ಅಳತೆ ನೋಡುತ್ತಾರೆ.

ನಮ್ಮ ಮನೆಯಲ್ಲಿ ಮಾತ್ರ ಸ್ವೆಟರ್ ಬಂದದ್ದು ತಡವಾಗಿ. ಕಾರಣ ದೊಡ್ಡಪ್ಪ. ಅವರ ಪ್ರಕಾರ ಸ್ವೆಟರ್ ಹೆಂಗಸರ ಕೈಗೆ ಕೆಲಸ ಬೇಕಲ್ಲ ಅಂತ ಹುಟ್ಟಿದ ವಸ್ತು. ಚಳಿಗೆ ಇರುವುದು ಕಂಬಳಿ, ಅದೂ ಚಳ್ಳಕೆರೆ ಕಂಬಳಿ. ಒಮ್ಮೆ ಕಂಬಳಿ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಸ್ಸಿಳಿದು ಮೊದಲು ಹೋಟೆಲಿಗೆ ಹೋಗುತ್ತೇವೆ ಅಂದುಕೊಂಡಿದ್ದೆ. ಅವರು ನೇರ ಕಂಬಳಿಯವರ ಹತ್ತಿರ ನಡೆದರು. ಕರಿ ಕಂಬಳಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ದೊಡ್ಡಪ್ಪ ಒಂದನ್ನು ಎಳೆದು, ಬಿಸಿಲಿಗೆ ಹಿಡಿದು, ಕಿಂಡಿ ಇದೆಯಾ ನೋಡಿದರು. ಮೂಸಿದರು. ಅಂಚನ್ನು ಬೆರಳಲ್ಲಿ ಉಜ್ಜಿದರು. ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು ಗಟ್ಟಿ ಬರಲೆಂದು ಅದಕ್ಕೆ ಹುಣಸೆ ಬೀಜದ ಗಂಜಿ ಸವರಿರುತ್ತಾರೆ. ಹೊಸ ಕಂಬಳಿ ಅದಕ್ಕೇ ಹಲಗೆಯಷ್ಟು ಬಿರುಸು.

"ನೀರು ತಗೊಂಬಾ" ಎಂದರು ದೊಡ್ಡಪ್ಪ. ಕುಡಿಯಲಿಕ್ಕೆ ಅಂತ ಮಾರುವವನು ಚೊಂಬು ತಂದುಕೊಟ್ಟ. ಇವರು ನಾಲ್ಕು ಮೂಲೆಯನ್ನು ನಾಲ್ಕು ಜನರಿಗೆ ಹಿಡಿಸಿ, ನಡುವೆ ತಗ್ಗು ಮಾಡಿಸಿ, ಅದಕ್ಕೆ ನೀರು ಹೊಯ್ದರು! ಒಂದು ಮೂಲೆ ನನ್ನ ಕೈಯಲ್ಲಿತ್ತು. ನೀರು ನಿಂತಿತು. ಎಲ್ಲರೂ ಬಗ್ಗಿ ಕಂಬಳಿಯ ಹೊಟ್ಟೆ ಕೆಳಗೆ ನೋಡುತ್ತಿದ್ದೇವೆ. ತೊಟ್ಟಿಕ್ಕಲಿಲ್ಲ. "ಆಯ್ತಲ್ಲಣ್ಣ, ಕೊಡು ದುಡ್ಡು" ಎಂದ ಅವನು. "ತಡಿಯಪ್ಪ, ಅವಸರ ಏನೈತೆ" ಎಂದು ದೊಡ್ಡಪ್ಪ ಬೀಡಿ ಹಚ್ಚಿದರು. ಬೀಡಿ ಮುಗಿಯುವವರೆಗೂ ನಾವು ಮೂಲೆ ಹಿಡಿದು ನಿಂತಿದ್ದೆವು. ದಾರಿಹೋಕರು ಇದ್ಯಾವುದೋ ದೇವರ ಕಾರ್ಯ ಅಂತ ಸುತ್ತ ಸೇರಿದರು. ಒಬ್ಬಾಕೆ ಕೈ ಮುಗಿದಳು. ಅವಳದ್ದೂ ತಪ್ಪಲ್ಲ, ಆ ಸೀಮೆಯಲ್ಲಿ ಕಂಬಳಿ ಹಾಸಿದರೆ ಗದ್ದುಗೆ, ದೇವರು ಕೂರುವ ಜಾಗ. ಕಡೆಗೆ ತಳದಲ್ಲಿ ಒಂದು ಹನಿ ಕಾಣಿಸಿಕೊಂಡಿತು, ಸಣ್ಣದು. ಅದೊಂದು ಹನಿಗಾಗಿ ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಚೌಕಾಸಿ ನಡೆಯಿತು. ಕೊಂಡರು. ಒದ್ದೆ ಕಂಬಳಿಯನ್ನು ನನ್ನ ತಲೆ ಮೇಲೆ ಹೊರಿಸಿದರು.

ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲವಂತೆ. ಇದನ್ನು ಬರೆದವರು ಯಾರೂ ಚೊಂಬು ನೀರು ಕುಡಿದ ಕಂಬಳಿಯನ್ನು ತಲೆ ಮೇಲೆ ಹೊತ್ತು ಬಸ್ಸಿನಲ್ಲಿ ನಿಂತವರಲ್ಲ.

ಆ ಕಂಬಳಿ ಚುಚ್ಚುತ್ತಿತ್ತು. ಕುರಿಯ ವಾಸನೆ ಬೇರೆ. ಹೊದ್ದ ಮೊದಲ ವಾರ ಮೈಯೆಲ್ಲ ಕೆರೆತ. ಹೇಳಿದರೆ "ಕಂಬಳೀಲಿ ಕೂತು ಉಣ್ಣೋರು ಕೂದಲು ಅನ್ನಬಾರದು" ಅನ್ನುವರು ದೊಡ್ಡಪ್ಪ. ಆದರೆ ಅದರೊಳಗೆ ಚಳಿ ಬಂದದ್ದು ನೆನಪಿಲ್ಲ. ಮಳೆ ಬಂದರೆ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗೆ ಹೊರಡುವರು. ಜ್ವರ ಬಂದರೆ ಅದೇ, ನೆಂಟರು ಬಂದರೆ ಹಾಸಲಿಕ್ಕೂ ಅದೇ. ಭತ್ತದ ಚೀಲದ ಮೇಲೆ ಹೊದಿಸಿದ್ದೂ ಅದನ್ನೇ. ಒಗೆದದ್ದನ್ನು ಮಾತ್ರ ನಾನು ನೋಡಲಿಲ್ಲ.

ಈಗ ಚಳ್ಳಕೆರೆ ಅಂದರೆ ಮಕ್ಕಳು ರಾಕೆಟ್ ಅನ್ನುತ್ತಾರೆ. ಅದೂ ನಿಜವೇ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯ ನೌಕೆಯೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ನೇತು ಹಾಕಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ನೋಡಿಕೊಂಡು ಬಂದು ಅಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಮತ್ತೆರಡು ಸಲ ಇಳಿಸಿದರು. ಹೆಮ್ಮೆ ಪಡಬೇಕಾದ್ದೇ, ಪಟ್ಟಿದ್ದೇನೆ. ಆದರೆ ಆ ಜಾಗ ಹಿಂದೆ ಕಾವಲು, ಅಂದರೆ ದನ ಕುರಿ ಮೇಯುವ ಬಯಲು. ಸುತ್ತ ಕಾಂಪೌಂಡ್ ಎದ್ದಾಗ ಕುರಿಗಾಹಿಗಳು ಬೇಡ ಅಂದರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಕಾಂಪೌಂಡ್ ನಿಂತಿದೆ. ದಖ್ಖನಿ ಕುರಿಯ ಒರಟು ಉಣ್ಣೆ ಈಗ ಯಾರಿಗೂ ಬೇಡ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ ಮಾಂಸದ ತಳಿ ಸಾಕುತ್ತಾರೆ. ಇನ್ನು ಕಂಬಳಿ ಎಲ್ಲಿಂದ ಬರಬೇಕು? ಅಂಗಡಿಯಲ್ಲಿ "ವುಲನ್" ಅಂತ ಮಾರುವ ಹೊದಿಕೆಯ ಚೀಟಿ ತಿರುಗಿಸಿ ಓದಿ, ಪಾಲಿಯೆಸ್ಟರ್ ಅಂತ ಇರುತ್ತೆ. ಮುಟ್ಟಿದರೆ ಚಟಪಟ ಕಿಡಿ. ಅದನ್ನು ಹೊದ್ದು ಮಲಗಿದವರಿಗೆ ಚಳಿಯ ಬಗ್ಗೆ ಮಾತಾಡುವ ಹಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಿನವರಿಗೂ ಸೇರಿಸಿ.

ದೊಡ್ಡಪ್ಪ ಹೋದರು. ಕಂಬಳಿ ಅಟ್ಟದ ಮೇಲೆ ನುಸಿಗುಳಿಗೆಯ ಜೊತೆ ಇದೆ. ಮಂಡಕ್ಕಿ ತಿನ್ನಲು ಬಂದಿದ್ದ ಪಕ್ಕದ ಬೀದಿಯ ಹುಡುಗನೊಬ್ಬ, ಒಳಾಂಗಣ ಅಲಂಕಾರದ ಕೆಲಸ ಅವನದ್ದು, ಮೆಣಸಿನಕಾಯಿ ಕಚ್ಚುತ್ತಲೇ ಅದರ ವಿಷಯ ಕೇಳಿದ. ಯಾರದೋ ಹೊಸ ಮನೆಯ ಹಾಲಿನಲ್ಲಿ ಗೋಡೆಗೆ ತೂಗು ಹಾಕಬೇಕಂತೆ. ಮೇಲೊಂದು ಲೈಟು, ಕೆಳಗೊಂದು ಹಿತ್ತಾಳೆ ಚೊಂಬು. ಒಳ್ಳೆ ರೇಟು ಕೊಡಿಸುತ್ತೇನೆ ಅಂಕಲ್ ಎಂದ. ನಾನು ಉತ್ತರ ಹುಡುಕುತ್ತಿದ್ದೆ. ಒಳಗಿನಿಂದ ದೊಡ್ಡಮ್ಮ ಕೇಳಿದರು.

"ಯಾಕಪ್ಪಾ, ಅವ್ರ ಮನೆ ಗೋಡೆಗೆ ಚಳಿ ಜ್ವರ ಏನಾರ ಬಂದೈತಾ?"

ಹುಡುಗ ಇನ್ನೊಂದು ಮೆಣಸಿನಕಾಯಿ ತೆಗೆದುಕೊಂಡ. ರೇಟು ಎಷ್ಟು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.