ಇಪ್ಪತ್ತು ಪೈಸೆಯ ಎ ಗ್ರೇಡ್

ಭತ್ತದ ಬೆಂಬಲ ಬೆಲೆ ಏರಿಸಿದ ಸುದ್ದಿ ವರ್ಷವರ್ಷವೂ ಪೇಪರಿನಲ್ಲಿ ಬರುತ್ತದೆ, ಪಕ್ಕದಲ್ಲಿ ನಗುವ ಮಂತ್ರಿಗಳ ಫೋಟೋ. 2025-26ಕ್ಕೆ ಸಾಮಾನ್ಯ ಭತ್ತ ಕ್ವಿಂಟಲಿಗೆ 2,369 ರೂಪಾಯಿ, ಎ ಗ್ರೇಡಿಗೆ 2,389. ಅಂದರೆ ಎ ಗ್ರೇಡ್ ಬೆಳೆದ ಪುಣ್ಯಾತ್ಮನಿಗೆ ಕೆ.ಜಿ.ಗೆ 20 ಪೈಸೆ ಬಹುಮಾನ. ಇಪ್ಪತ್ತು ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು. ರೈತನ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಓಡುತ್ತಿದೆ.

2017-18ರ ತನಕ ಈ ಅಂತರ ಕ್ವಿಂಟಲಿಗೆ 40 ರೂಪಾಯಿ ಇತ್ತು. ಮರುವರ್ಷ ಅರ್ಧಕ್ಕಿಳಿದು 20 ಆಯಿತು. ಅಲ್ಲಿಂದೀಚೆಗೆ ಡೀಸೆಲ್ ಏರಿತು, ಆಳಿನ ಕೂಲಿ ಏರಿತು, ನಾಟಿ ಮಾಡುವವರ ಕಾಫಿ ತಿಂಡಿಯ ಖರ್ಚೂ ಏರಿತು. ಇಪ್ಪತ್ತು ಮಾತ್ರ ಗೊಮ್ಮಟನ ಹಾಗೆ ನಿಂತಿದೆ.

ಎ ಗ್ರೇಡ್ ಅಂದರೆ ರುಚಿಯೋ, ಘಮವೋ ಅಂತ ನೀವು ಅಂದುಕೊಂಡಿರಬಹುದು. ಅಕ್ಕಿಯ ಉದ್ದವನ್ನು ಅಗಲದಿಂದ ಭಾಗಿಸಬೇಕು. 2.5 ಅಥವಾ ಹೆಚ್ಚು ಬಂದರೆ ಎ, ಕಡಿಮೆ ಬಂದರೆ ಸಾಮಾನ್ಯ. ಎ ಗ್ರೇಡಿನ ರಾಶಿಯಲ್ಲಿ ಕೆಳದರ್ಜೆಯ ಬೆರಕೆ ನೂರಕ್ಕೆ 6 ದಾಟುವಂತಿಲ್ಲ. ಭತ್ತದ ಮಾತು ಸ್ವಾಮಿ, ಬೇರೇನೂ ತಿಳಿಯಬೇಡಿ.

ಹೊಳೆನರಸೀಪುರದ ಕಡೆ ಬೆಳೆಯುವ ನಮ್ಮ ರಾಜಮುಡಿಯ ಪಾಡು ಕೇಳಿ. ಮೈಸೂರು ಅರಸರು ಉಣ್ಣುತ್ತಿದ್ದ ಅಕ್ಕಿ ಅಂತ ನಮ್ಮವರಿಗೆ ಹೆಮ್ಮೆ. ಕಾಳಿಗೆ ಕೆಂಪು ಬಣ್ಣ. ಸರ್ಕಾರದ ಗೋದಾಮಿಗೆ ಹೋಗುವ ಅಕ್ಕಿಯ ಮಾನದಂಡದಲ್ಲಿ ಕೆಂಪು ಕಾಳು ನೂರಕ್ಕೆ 3ಕ್ಕಿಂತ ಹೆಚ್ಚಿರಬಾರದು. ಕಸಕಡ್ಡಿ, ಹಾಳಾದ ಕಾಳು ಇವುಗಳ ಸಾಲಿನಲ್ಲೇ ಕೆಂಪಿಗೂ ಒಂದು ಜಾಗ. ಪಾಪ, ಅರಸರು ಅಷ್ಟು ವರ್ಷ ಕಳಪೆ ಅಕ್ಕಿ ಉಂಡೇ ರಾಜ್ಯವಾಳಿದರು. ಅದೇ ಅಕ್ಕಿ ಬೆಂಗಳೂರಿನ ಅಂಗಡಿಯಲ್ಲಿ ಚಂದದ ಪ್ಯಾಕೆಟ್ಟಿನೊಳಗೆ ಕೂತರೆ ಆರೋಗ್ಯಕ್ಕೆ ಬಹಳ ಒಳ್ಳೆಯದು.

ಕೆನಡಾದವರಿಗೂ ಗೋಧಿಯಲ್ಲಿ ಇಂಥದೇ ಹುಚ್ಚಿತ್ತು. ಕಾಳು ಕಣ್ಣಿಗೆ ಬಿದ್ದ ಕೂಡಲೇ ಅದರ ವರ್ಗ ಗೊತ್ತಾಗಬೇಕು. ರೂಪ ಹೊಂದದಿದ್ದರೆ ಒಳ್ಳೆಯ ಇಳುವರಿಯ ತಳಿಗೂ ನೋಂದಣಿ ಕಷ್ಟ. 2008ರ ಆಗಸ್ಟ್ 1ಕ್ಕೆ ಪಶ್ಚಿಮ ಕೆನಡಾದಲ್ಲಿ ಅದನ್ನು ಬಿಟ್ಟರು. ಈಗ ರೈತನೇ ತನ್ನ ಗೋಧಿ ಯಾವ ವರ್ಗಕ್ಕೆ ಸೇರುತ್ತದೆ ಅಂತ ಬರೆದು ಸಹಿ ಹಾಕುತ್ತಾನೆ. ಇದನ್ನು ಪಕ್ಕದ ಮನೆ ಗೌಡರಿಗೆ ಹೇಳಿದೆ. ಅವರು ನಕ್ಕರು: "ಪಹಣಿ, ಆಧಾರು, ರೈತರ ನೋಂದಣಿಯ ಫ್ರೂಟ್ಸ್ ನಂಬರು, ಪಾಸ್‌ಬುಕ್ಕು ಎಲ್ಲ ಕೊಟ್ರೂ ನಾನು ನಾನೇ ಅಂತ ನಂಬಕಿಲ್ಲ ಕಣಪ್ಪ. ಇನ್ನು ನನ್ ಭತ್ತದ ಜಾತಿ ನಾನ್ ಹೇಳುದ್ರೆ ನಂಬ್ತಾರಾ?"

ಅವರ ಭತ್ತ ಹೋದ ಸಲ ಗ್ರೇಡಿನ ತನಕ ಹೋಗಲೇ ಇಲ್ಲ. ತೇವ ನೂರಕ್ಕೆ 17ರೊಳಗೆ ಇರಬೇಕು. ಡಿಸೆಂಬರಿನ ಮಂಜಲ್ಲಿ ರಾತ್ರಿಯಿಡೀ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನಲ್ಲೇ ಇದ್ದ ಮೂಟೆಗೆ ಬೆಳಿಗ್ಗೆ ಮೀಟರ್ ಇಟ್ಟರೆ 17.6. "ಇನ್ನೊಂದ್ ಬಿಸ್ಲು ಕಾಯ್ಸಿ ತನ್ನಿ ಗೌಡ್ರೇ." ಬಿಸಿಲು ಕಾಯಿಸಿ ತರುವ ಹೊತ್ತಿಗೆ ಕೇಂದ್ರದಲ್ಲಿ ಗೋಣಿಚೀಲ ಖಾಲಿ. ಟ್ರ್ಯಾಕ್ಟರ್ ಬಾಡಿಗೆ ಎರಡಾಯಿತು. ಕೊನೆಗೆ ದಲ್ಲಾಳಿ ಬಂದ. ಅವನು ಉದ್ದ ಅಗಲ ಅಳೆಯಲಿಲ್ಲ. ಬೊಗಸೆಯಲ್ಲಿ ಎತ್ತಿ, ಒಂದು ಕಾಳು ಕಡಿದು ನೋಡಿ, ಬೆಂಬಲ ಬೆಲೆಗಿಂತ ಮುನ್ನೂರು ಕಮ್ಮಿ ಹೇಳಿದ. ಗೌಡರು ಕೊಟ್ಟರು.

ತಮಾಷೆ ಸಾಕು. ಆ ಇಪ್ಪತ್ತು ರೂಪಾಯಿಯನ್ನು ಸರ್ಕಾರವೇ ಇಟ್ಟುಕೊಳ್ಳಲಿ, ಯಾರೂ ಕೇಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಕೇಂದ್ರದ ಬಾಗಿಲು ತೆಗೆಯಿರಿ, ಚೀಲ ತರಿಸಿಡಿ, ತೂಕ ಹಾಕಿದ ದುಡ್ಡನ್ನು ಸಾಲದ ಕಂತು ಬರುವ ಮೊದಲು ಖಾತೆಗೆ ಹಾಕಿ. ಹಾಕಲಾಗದಿದ್ದರೆ ಫೋನನ್ನಾದರೂ ಎತ್ತಿ.